ವಾರಕ್ಕೆ ಕೊಟ್ಟ ಸೀಮೆಗಿಣಿ

1945ನೇ ಇಸವಿ, ಫೆಬ್ರವರಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳೂವರೆ ಗಂಟೆ. ಸ್ಥಳ ಮದ್ದೂರಿನ ನಮ್ಮ ಮನೆಯ ಹಿತ್ತಿಲ ಜಗುಲಿ. ಹಾಜರಿದ್ದವರು ನಮ್ಮ ಅತ್ತೆ, ನಮ್ಮ ಯಜಮಾನರು, ಪಕ್ಕದ ಮನೆಯ ಸಾಹೇಬರು, ಅವರ ಹೆಂಡತಿ ಬೂಬಮ್ಮ, ಅವರ ಕಿರಿಯ ಮಗಳು ಮತ್ತು ನಾನು. ಪಂಜರದಲ್ಲಿ ಒಂದು ಹಸಿರು ಗಂಡು, ಒಂದು ಹಸಿರು ಹೆಣ್ಣು. ಪಂಜರದ ಮೂಲೆಗೆ ಕಟ್ಟಿದ್ದ ಮಡಕೆಯೊಳಗೆ ಮರಿಗಳು. ಎಷ್ಟಿವೆ, ಯಾವ ಬಣ್ಣದವು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದಿನ, ಹೊತ್ತು, ಹಾಜರಿ ಇಷ್ಟನ್ನು ಮೊದಲು ಹೇಳಿಬಿಟ್ಟರೆ ಮುಂದಿನದು ಸಲೀಸು. ನಾನು ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಏಳುವುದಕ್ಕೊಂದು ಗಂಟೆ, ಜಡೆ ಹೆಣೆದುಕೊಳ್ಳುವುದಕ್ಕೊಂದು ಗಂಟೆ, ಸುಮ್ಮನಿರುವುದಕ್ಕೂ ಒಂದು ಗಂಟೆ ಹೊಡೆಯುತ್ತಿದ್ದರು. ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ ಗಂಟೆಯೇ ಇಲ್ಲದ ಮನೆಯಲ್ಲಿ ನನಗೆ ಕೈಕಾಲು ಆಡಲಿಲ್ಲ. ಕೊನೆಗೆ ನಾನೇ ನಿಯಮ ಮಾಡಿಕೊಂಡೆ. ಕಸ, ನೀರು, ಒಲೆ, ಗಿಣಿ, ತಿಂಡಿ, ಈ ಕ್ರಮ ತಪ್ಪುತ್ತಿರಲಿಲ್ಲ. ಅತ್ತೆ ಬೀದಿಯವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು. "ನಮ್ ಸೊಸೆ ರೈಲುಗಾಡಿ ಕಣವ್ವ. ಒತ್ತಿಗೆ ಸರ್ಯಾಗಿ ಒಂಟ್ಬುಡ್ತಾಳೆ. ನಾವೇ ಅತ್ಕೊಬೇಕು."

ಈಗ ಎಲ್ಲರೂ ಲವ್‌ಬರ್ಡ್ಸ್ ಎನ್ನುವ, ಸರಿಯಾಗಿ ಹೇಳಿದರೆ ಬಡ್ಜಿ ಎನ್ನಬೇಕಾದ ಆ ಅಂಗೈಯಗಲದ ಗಿಣಿಗಳಿಗೆ ನಮ್ಮ ಬೀದಿಯಲ್ಲಿ ಸೀಮೆಗಿಣಿ ಎಂದು ಹೆಸರು. ನಮ್ಮ ಮಾವನವರು ತೀರಿಕೊಳ್ಳುವ ಹಿಂದಿನ ವರ್ಷ ಮೈಸೂರಿನಿಂದ ಒಂದು ಜೋಡಿ ತಂದಿದ್ದರಂತೆ, ನೀಲಿ ಗಂಡು, ಹಸಿರು ಹೆಣ್ಣು. ಆ ಹೆಣ್ಣು ಒಂದೇ ಸಲ ಮರಿ ಮಾಡಿತು. ಮರಿಗಳೆಲ್ಲ ಹಸಿರು. ನಾನು ಆ ಮನೆಗೆ ಬರುವ ಹೊತ್ತಿಗೆ ಹಳೆಯ ಹೆಣ್ಣೂ ಇರಲಿಲ್ಲ, ಅದರ ಮರಿಗಳಲ್ಲಿ ಒಂದೇ ಒಂದು ಹಸಿರು ಹೆಣ್ಣು ಉಳಿದಿತ್ತು, ಜೊತೆಗೆ ಅದರ ಅಪ್ಪ ಆ ನೀಲಿ ಗಂಡು. ಮಾವನವರ ಕೈಯಲ್ಲಿ ಬೆಳೆದ ಹೆಣ್ಣು ಅದು. ಅತ್ತೆ ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ಅದರ ಪಂಜರದ ಬಟ್ಟೆ ತೆಗೆಯುತ್ತಿದ್ದರು.

ಆ ಹೆಣ್ಣಿಗೆ ಜೋಡಿ ಬೇಕಾಯಿತು. ಮನೆಯಲ್ಲಿದ್ದ ಗಂಡು ಅದರ ಅಪ್ಪ. ಅತ್ತೆ ಅದನ್ನು ಬಾಯಲ್ಲಿ ಆಡಲೂ ಬಿಡಲಿಲ್ಲ.

"ಥೂ, ಅಪ್ಪ ಮಗಳು ಅಂತ ಅನ್ನೋದಾ! ಸೋದರಮಾವ ಆಗಿದ್ರೆ ಕೊಟ್ಬುಡ್ಬೋದಿತ್ತು."

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಬೂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಮಾವನಿಗೆ ಕೊಡ್ತೀರಾ ಅಕ್ಕ? ನಮ್ಮಲ್ಲಿ ಅದು ಹರಾಮು. ನಮ್ಗೆ ಅತ್ತೆ ಮಗನೇ ಬೇಕು."

"ನಿಂಗೆ ಸಿಕ್ಕವ್ನಲ್ಲ ಅತ್ತೆ ಮಗ, ದಿನಾ ಗಾಡಿ ಕೀಲೆಣ್ಣೆ ಮೈಗೆಲ್ಲ ಬಳ್ಕೊಂಡು ಬತ್ತಾನೆ" ಎಂದರು ಅತ್ತೆ.

ಬೂಬಮ್ಮ ನಿಜವಾಗಿಯೂ ಸಾಹೇಬರ ಸೋದರಮಾವನ ಮಗಳು. ಸಾಹೇಬರಿಗೆ ಸ್ಟೇಷನ್ನಿನ ಹತ್ತಿರ ಜಟಕಾ ಗಾಲಿ ಮತ್ತು ಸೈಕಲ್ ರಿಪೇರಿಯ ಅಂಗಡಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಗೋಡೆಯಲ್ಲೊಂದು ಗಿಡ್ಡ ಬಾಗಿಲು. ಯುದ್ಧದ ಕಾಲ. ಬೆಂಕಿಪೊಟ್ಟಣ ಸಿಗುವುದೇ ಕಷ್ಟ. ಯಾರ ಮನೆಯ ಒಲೆ ಮೊದಲು ಹತ್ತಿತೋ ಆ ಮನೆಯಿಂದ ಇನ್ನೊಂದು ಮನೆಗೆ ಬೆರಣಿಯ ತುಂಡಿನ ಮೇಲೆ ಕೆಂಡ ಆ ಬಾಗಿಲಿನಿಂದ ಹೋಗುತ್ತಿತ್ತು. ಕೆಂಡದ ಜೊತೆ ಕರಿಬೇವು, ಬೀದಿಯ ಸುದ್ದಿ, ಒಂದಿಷ್ಟು ಬೈಗುಳವೂ ಹೋಗುತ್ತಿದ್ದವು.

ಸಾಹೇಬರ ಬಳಿ ಒಂದು ಹಸಿರು ಗಂಡಿತ್ತು. ಹಕ್ಕಿಯ ವಿಷಯದಲ್ಲಿ ಅವರಿಗೆ ಬಹಳ ಹೆಮ್ಮೆ. "ಅಸಲಿ ಅಸ್ರು ಇದು. ಇದರಪ್ಪ ಅಸ್ರು, ಇದರವ್ವ ಅಸ್ರು" ಎಂದು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಅದನ್ನು ಅವರು ನಮ್ಮ ಹೆಣ್ಣಿಗೆ ವಾರಕ್ಕೆ ಕೊಟ್ಟರು. ನಮ್ಮ ಕಡೆ ಹಸು, ಕುರಿಗಳನ್ನು ವಾರಕ್ಕೆ ಕೊಡುವುದು ಎಲ್ಲರಿಗೂ ಗೊತ್ತು. ಪ್ರಾಣಿ ಒಬ್ಬರದು, ಮೇವು ಮತ್ತು ಆರೈಕೆ ಇನ್ನೊಬ್ಬರದು. ಹುಟ್ಟಿದ್ದರಲ್ಲಿ ಅರ್ಧರ್ಧ ಪಾಲು, ಮೊದಲ ಆಯ್ಕೆ ಪ್ರಾಣಿ ಕೊಟ್ಟವರಿಗೆ. ಗಿಣಿಯನ್ನು ವಾರಕ್ಕೆ ಕೊಟ್ಟವರು ಮದ್ದೂರಿನಲ್ಲಿ ಸಾಹೇಬರೇ ಮೊದಲಿರಬೇಕು.

ಜೋಡಿ ಮಾಡುವ ಮುಂಚಿನ ತಯಾರಿ ನನ್ನದು. ಗಂಡಿನ ಮೂಗಿನ ಮೇಲಿನ ಚರ್ಮ ನೀಲಿಯಾಗಿ ಹೊಳೆಯಬೇಕು, ಹೆಣ್ಣಿನದು ಒಣಗಿದ ಅಡಿಕೆಯ ಕಂದು ಬಣ್ಣಕ್ಕೆ ತಿರುಗಬೇಕು. ಅಲ್ಲಿಯವರೆಗೆ ಎರಡನ್ನೂ ಬೇರೆ ಬೇರೆ ಇಡಬೇಕು. ಒಂದರ ಕೂಗು ಒಂದಕ್ಕೆ ಕೇಳಬೇಕು, ಮುಖ ಕಾಣಬಾರದು. ಇದನ್ನು ವಿವರಿಸಿದಾಗ ಅತ್ತೆ ಹೇಳಿದರು, "ನಮ್ ಮದ್ವೇನೂ ಇಂಗೇ ಆಗಿದ್ದು ಕಣ್ ಮಗ. ಕೂಗು ಕೇಳಿದ್ದೆ, ಮುಖ ಕಂಡಿರ್ಲಿಲ್ಲ."

ರೇಷನ್ನಿನ ದಿನಗಳಲ್ಲಿ ಹಕ್ಕಿಗೆ ಕಾಳು ಹಾಕುವುದೇ ಮಾತಿಗೆ ಗುರಿಯಾಗುವ ಕೆಲಸ. ಮಳವಳ್ಳಿಯ ನನ್ನ ತವರಿನವರು ಕಿರುಗಾವಲು ಕಡೆಯ ಹೊಲದ ನವಣೆಯನ್ನು ಕಳಿಸುತ್ತಿದ್ದರು. ಅದರಲ್ಲಿ ಒಂದು ಹಿಡಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದೆ. ನುಗ್ಗೆಸೊಪ್ಪು ಹಿತ್ತಿಲಲ್ಲೇ ಇತ್ತು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕು, ಅದಕ್ಕೆ ಬಿದ್ದ ಗೋಡೆಯ ಹಳೆಯ ಗಾರೆಯನ್ನು ಪುಡಿ ಮಾಡಿ ಇಡುತ್ತಿದ್ದೆ. ಬೂಬಮ್ಮ ಆಗಾಗ ಬೇಯಿಸಿದ ಕೋಳಿಮೊಟ್ಟೆಯ ಅರ್ಧ ಕೊಡುತ್ತಿದ್ದರು. ಕುಂಬಾರರಿಂದ ಹೊಟ್ಟೆಯಲ್ಲಿ ತೂತು ಕೊರೆಸಿದ ಮಡಕೆ ತಂದು, ಬಿಸಿನೀರು ಬೂದಿ ಹಾಕಿ ತಿಕ್ಕಿ, ಹೇನು ಹತ್ತದಂತೆ ಬೇವಿನಸೊಪ್ಪಿನ ಹೊಗೆ ಕೊಟ್ಟು ಬಿಸಿಲಿಗಿಟ್ಟೆ. ಅತ್ತೆ ನನಗೆ ಕಾಣದಂತೆ ಅದರೊಳಗೆ ಬೂರುಗದ ಹತ್ತಿ ತುಂಬಿದರು. ಬಾಣಂತಿ ಬರಿಯ ನೆಲದ ಮೇಲೆ ಮಲಗುವುದುಂಟೆ ಎಂದು ಅವರ ವಾದ. ಈ ಜಾತಿಯ ಹಕ್ಕಿಗೆ ಹಾಸಿಗೆ ಬೇಡ. ಸಂಜೆಯೊಳಗೆ ಹೆಣ್ಣು ಹತ್ತಿಯನ್ನೆಲ್ಲ ಕಚ್ಚಿ ಕಚ್ಚಿ ಹೊರಗೆಸೆದಿತ್ತು.

"ಸೊಸೆ ಬುದ್ಧೀನೇ ಬಂದದೆ ಇದ್ಕೆ" ಎಂದು ಅತ್ತೆ ಜಗುಲಿ ಗುಡಿಸಿದರು.

ಆ ಮೊದಲ ಸಲ, ಅಂದರೆ ಹಿಂದಿನ ಮಳೆಗಾಲದ ಕೊನೆಯಲ್ಲಿ, ಐದು ಮರಿ ಎದ್ದವು. ನಾಲ್ಕು ಹಸಿರು, ಒಂದು ನೀಲಿ.

ತಂಟೆ ಶುರುವಾದದ್ದು ಅಲ್ಲಿಂದ. ಹಸಿರು ಗಂಡಿಗೂ ಹಸಿರು ಹೆಣ್ಣಿಗೂ ನೀಲಿ ಮರಿ ಹೇಗೆ? ನಮ್ಮ ಜಗುಲಿಯಲ್ಲೇ ಇನ್ನೊಂದು ಪಂಜರದಲ್ಲಿ ನೀಲಿ ಗಂಡಿತ್ತು. ಸಾಲದ್ದಕ್ಕೆ ಒಂದು ದಿನ ಪಂಜರ ತೊಳೆಯುವಾಗ ಅದು ತಪ್ಪಿಸಿಕೊಂಡು ಹೆಣ್ಣಿನ ಪಂಜರದ ಹೊರಗಿನ ಕಂಬಿ ಹಿಡಿದು ಕೂತಿದ್ದನ್ನು ಬೂಬಮ್ಮ ಕಣ್ಣಾರೆ ಕಂಡಿದ್ದರು. ಅದು ಹೊರಗೆ, ಹೆಣ್ಣು ಒಳಗೆ. ಆದರೆ ಕಂಡದ್ದನ್ನು ಕಂಡದ್ದಕ್ಕಿಂತ ಹೆಚ್ಚು ಮಾಡುವುದು ಎಷ್ಟು ಹೊತ್ತಿನ ಕೆಲಸ?

ಪಾಲು ಹಂಚುವ ದಿನ ಸಾಹೇಬರು ನಾಲ್ಕು ಹಸಿರಿನಲ್ಲಿ ಎರಡನ್ನು ತೆಗೆದುಕೊಂಡರು. ನೀಲಿಯ ಕಡೆ ಕೈ ತೋರಿಸಿ ಹೇಳಿದರು, "ಅದು ನಮ್ ಗಂಡಿಂದಲ್ಲ. ಅದ್ರಲ್ಲಿ ನಂಗೆ ಪಾಲೂ ಬ್ಯಾಡ, ಮಾತೂ ಬ್ಯಾಡ."

"ಅಂಗಂದ್ರೆ?" ಎಂದರು ಅತ್ತೆ.

"ಅಂಗಂದ್ರೆ ಇಷ್ಟೇ ಅಕ್ಕ" ಎಂದು ಬೂಬಮ್ಮ ಬಾಯಿ ಹಾಕಿದರು. "ವಾರಕ್ಕೆ ಕೊಟ್ಟ ಮೇಲೆ ಬಾಗ್ಲು ಭದ್ರವಾಗಿ ಇಕ್ಕೊಬೇಕಾಗಿತ್ತು. ನೀವು ಬುಟ್ಬುಟ್ರಿ."

"ನನ್ ಮನೆ ಎಣ್ಣ ಅನ್ತೀಯಾ ನೀನು?"

ಬೂಬಮ್ಮ ಆಚೆ ದಾಟಿದ ಮೇಲೆ ಅತ್ತೆ ಗಿಡ್ಡ ಬಾಗಿಲಿಗೆ ಅಗಣಿ ಹಾಕಿದರು. ನಾನು ಆ ಮನೆಗೆ ಬಂದ ಮೇಲೆ ಆ ಅಗಣಿ ಬಿದ್ದದ್ದನ್ನು ನೋಡಿದ್ದು ಅದೇ ಮೊದಲು. ಮರುದಿನ ನಮ್ಮ ಒಲೆ ಆರಿತ್ತು. ನಾನು ಬೀದಿಯ ಕೊನೆಯ ಮನೆಯವರೆಗೆ ಹೋಗಿ ಕೆಂಡ ತಂದೆ. ಬರುವಷ್ಟರಲ್ಲಿ ಅದು ಬೂದಿಯಾಗಿತ್ತು.

ಹೀಗೇ ಕೆಲವು ವಾರ. ಬೂಬಮ್ಮನಿಗೆ ಬೇರೆ ಗೆಳತಿಯರಿದ್ದರು, ಅತ್ತೆಗೆ ಇರಲಿಲ್ಲ. ಮಾವನವರು ಹೋದ ಮೇಲೆ ಅವರ ಹಗಲೆಲ್ಲ ಆ ಬಾಗಿಲ ಹತ್ತಿರ ಕಳೆಯುತ್ತಿತ್ತೆಂದು ಅದು ಮುಚ್ಚಿದ ಮೇಲೆ ನನಗೆ ತಿಳಿಯಿತು. ಸೊಪ್ಪು ಬಿಡಿಸುತ್ತಾ ಅತ್ತ ನೋಡುತ್ತಿದ್ದರು. ಅತ್ತ ನೋಡಿದ್ದನ್ನು ನಾನು ನೋಡಿದರೆ ರೇಗುತ್ತಿದ್ದರು.

ಒಂದು ದಿನ ಸಾಹೇಬರು ಅಂಗಡಿಗೆ ಹೊರಟಾಗ ಅತ್ತೆ ಬೀದಿಯಲ್ಲೇ ಅವರನ್ನು ತಡೆದರು.

"ಸಾಯೇಬ್ರೇ, ನಿಮ್ ಗಂಡ ಇನ್ನೊಂದು ದಪ ಬುಡಿ. ನೀಲಿ ಅನ್ನೋದು ಒಂದು ಪುಕ್ಕನೂ ನಮ್ಮನೇಲಿ ಇಲ್ದಂಗೆ ಮಾಡ್ತೀನಿ. ಮಡಕೆ ಬಾಯಿಗೆ ನೀವೇ ಮಣ್ಣು ಮೆತ್ತಿ. ಎಲ್ಲಾ ಅಸ್ರಾದ್ರೆ ನಿಮ್ಮೆಂಡ್ರು ಬಂದು ಅಂದದ್ದು ತೆಪ್ಪು ಅನ್ಬೇಕು. ಒಂದೇ ಒಂದು ನೀಲಿ ಬಂದ್ರೂ ಎಣ್ಣು ನಿಮ್ದು. ಪಂಜರದ ಸಮೇತ ತಗೊಂಡೋಗಿ."

ಬೀದಿಯಲ್ಲಿ, ನಾಲ್ಕು ಜನರ ಮುಂದೆ ಆಡಿದ ಮಾತು. ಸಾಹೇಬರು ಒಪ್ಪಿಕೊಂಡರು.

ಈ ಪಂಥವನ್ನು ಕೇಳಿದಾಗ ನಾನು ರಾಗಿ ಬೀಸುತ್ತಿದ್ದೆ. ಎರಡು ಸುತ್ತು ಬೀಸಿ ಕೈ ನಿಲ್ಲಿಸಿದೆ. ಅತ್ತೆ ಪಂಥವನ್ನು ತಲೆಕೆಳಗಾಗಿ ಕಟ್ಟಿದ್ದರು.

ನೀಲಿ ಗಂಡು ಊರಲ್ಲೇ ಇಲ್ಲದಿದ್ದಾಗ ಎಲ್ಲವೂ ಹಸಿರಾದರೆ ಏನು ಹೇಳಿದಂತಾಯಿತು? ನೀಲಿ ಗಂಡು ಇದ್ದಾಗ ನೀಲಿ ಮರಿ, ಇಲ್ಲದಾಗ ಇಲ್ಲ. ಅಂದರೆ ಬೂಬಮ್ಮ ಹೇಳಿದ್ದೇ ನಿಜ ಎಂದು ಎಲ್ಲರೂ ಅನ್ನುತ್ತಾರೆ. ನಮ್ಮ ಹೆಣ್ಣಿನ ಮೇಲಿನ ಮಾತು ಹೋಗಬೇಕಾದರೆ ನೀಲಿ ಮರಿಯೇ ಬರಬೇಕು. ನೀಲಿ ಬಂದರೆ ಹೆಣ್ಣು ಕೈತಪ್ಪುತ್ತದೆ, ಬರದಿದ್ದರೆ ಹೆಣ್ಣಿನ ಮಾನ ಹೋಗುತ್ತದೆ. ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ನೀ ಏಳೋದು ಸರಿ ಅದೆ ಅಂತ್ಲೇ ಇಟ್ಕೊ. ಆಡ್ಬುಟ್ಟಿವ್ನಿ ಅಲ್ವಾ ಮಗ? ಈಗ ಇನ್ನೊಂದು ತರ ಆಡಕಾಯ್ತದಾ?" ಎಂದರು. ಆಮೇಲೆ, "ಎಲ್ಲಾ ಅಸ್ರೇ ಆಯ್ತವೆ ಬುಡು" ಎಂದರು.

ಆಗುವುದಿಲ್ಲ ಎಂದು ನನಗೆ ಅನುಮಾನವಿತ್ತು. ಹಾಸ್ಟೆಲಿನಲ್ಲಿ ನಮ್ಮ ಟೀಚರು ಬಟಾಣಿ ಗಿಡದ ಪಾಠ ಒಂದನ್ನು ಮಾಡಿದ್ದರು. ಎತ್ತರದ ಗಿಡ, ಗಿಡ್ಡ ಗಿಡ, ಎರಡನ್ನೂ ಕೂಡಿಸಿದರೆ ಎಲ್ಲ ಎತ್ತರ. ಆ ಎತ್ತರದವನ್ನೇ ಮತ್ತೆ ತಮ್ಮತಮ್ಮೊಳಗೆ ಕೂಡಿಸಿದರೆ ಗಿಡ್ಡ ಮರಳಿ ಬರುತ್ತದೆ. ಪರೀಕ್ಷೆಗೆ ಬರೆದು ಮರೆತಿದ್ದೆ. ದಿನಾ ಗಿಣಿಗಳ ಮುಂದೆ ಕೂತು ನೋಡುತ್ತಾ ಅದು ಒಂದೊಂದೇ ತುಂಡಾಗಿ ನೆನಪಿಗೆ ಬಂತು. ಹಸಿರು ಗಿಣಿಯ ಮುಖ ಹಳದಿ, ನೀಲಿ ಗಿಣಿಯ ಮುಖ ಬಿಳಿ. ಅಂದರೆ ನೀಲಿ ಎನ್ನುವುದು ಬೇರೆಯ ಬಣ್ಣವೇ ಅಲ್ಲ. ಹಸಿರಿನಿಂದ ಅರಿಸಿನವನ್ನು ತೊಳೆದುಬಿಟ್ಟರೆ ಉಳಿಯುವುದು ನೀಲಿ. ಪ್ರತಿ ಮರಿಗೂ ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು ಬರುತ್ತದೆ, ಇದೂ ಒಂದು ಬಗೆಯ ವಾರವೇ. ಎರಡರಲ್ಲಿ ಒಂದು ಪಾಲಿನಲ್ಲಿ ಅರಿಸಿನ ಇದ್ದರೂ ಸಾಕು, ಮರಿ ಹಸಿರು. ಎರಡರಲ್ಲೂ ಇಲ್ಲದಿದ್ದರೆ ಮಾತ್ರ ನೀಲಿ.

ನಮ್ಮ ಹೆಣ್ಣಿನ ಅಪ್ಪ ನೀಲಿ. ಅವನ ಬಳಿ ಕೊಡಲು ಅರಿಸಿನವೇ ಇರಲಿಲ್ಲ. ಆದ್ದರಿಂದ ಅದು ನೋಡಲು ಎಷ್ಟೇ ಹಸಿರಾಗಿರಲಿ, ಅದರೊಳಗೆ ಒಂದು ನೀಲಿ ಪಾಲು ಅಡಗಿ ಕೂತಿರಲೇಬೇಕು. ಇದರಲ್ಲಿ ನನಗೆ ಸಂಶಯವಿರಲಿಲ್ಲ. ಸಾಹೇಬರ ಅಸಲಿ ಹಸಿರಿನ ಒಳಗೂ ಒಂದು ಅಡಗಿದೆಯೇ ಎಂಬುದೊಂದೇ ಪ್ರಶ್ನೆ. ಅಡಗಿದ್ದರೂ ಪ್ರತಿ ಮರಿಯೂ ನಾಲ್ಕರಲ್ಲಿ ಒಂದರಂತೆ ಮಾತ್ರ ನೀಲಿಯಾಗುತ್ತದೆ. ಅದೂ ಕಟ್ಟುನಿಟ್ಟಲ್ಲ, ಒಂದು ಸಲಕ್ಕೆ ಎಲ್ಲ ಹಸಿರೇ ಬರಬಹುದು. ನಿಯಮ ಗೊತ್ತಿದ್ದೂ ಫಲ ಗೊತ್ತಿಲ್ಲದ ಸ್ಥಿತಿ ನನ್ನಂಥವಳಿಗೆ ಬಹಳ ಕಷ್ಟ.

ನೀಲಿ ಗಂಡನ್ನೂ ನೀಲಿ ಮರಿಯನ್ನೂ ಯಜಮಾನರು ಮಳವಳ್ಳಿಗೆ ಸಾಗಿಸಿದರು. ಅವರಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಮಾತ್ರ ಬಿಡುವು. ಆಗ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಏರು ಬಂದಲ್ಲಿ ನಿಲ್ಲುತ್ತಿದ್ದವು. ಯಜಮಾನರು ಒಂದು ಕೈಯಲ್ಲಿ ಪಂಜರ ಹಿಡಿದು ಇನ್ನೊಂದು ಕೈಯಲ್ಲಿ ಬಸ್ಸು ತಳ್ಳಿದರಂತೆ. "ಎರಡು ಗಿಣಿಗೋಸ್ಕರ ಮಳವಳ್ಳಿ ತನಕ ಬಸ್ಸು ನೂಕಿದವನು ನಾನೊಬ್ಬನೇ" ಎಂದು ಮುಖ ತುಂಬ ಮಸಿ ಮಾಡಿಕೊಂಡು ಬಂದರು.

ಹೆಣ್ಣಿಗೆ ಸಾಕಷ್ಟು ವಿಶ್ರಾಂತಿ ಕೊಟ್ಟು, ಉದುರಿದ ಗರಿ ಪೂರ್ತಿ ಬಂದ ಮೇಲೆ, ಡಿಸೆಂಬರಿನಲ್ಲಿ ಮತ್ತೆ ಜೋಡಿ ಹಾಕಿದೆವು. ಸಾಹೇಬರು ಮುಂಬಾಗಿಲಿನಿಂದ ಬಂದು, ಮಡಕೆಯ ಬಾಯಿಗೆ ಹಲಗೆ ಇಟ್ಟು ಜೇಡಿಮಣ್ಣು ಮೆತ್ತಿ ಹೋದರು. ಹಕ್ಕಿ ಓಡಾಡಲು ಹೊಟ್ಟೆಯ ತೂತು ಒಂದೇ. ನನಗೆ ಅದು ಹಿಡಿಸಲಿಲ್ಲ. ಮರಿ ಎದ್ದ ಮೇಲೆ ಮಡಕೆ ಚೊಕ್ಕ ಮಾಡದಿದ್ದರೆ ಕಾಲಿಗೆ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಗರಿಯ ಬಣ್ಣ ಕಾಣುವಷ್ಟಾದ ದಿನವೇ ಒಡೆಯುವುದೆಂದು ಷರತ್ತು ಹಾಕಿದೆ.

ಈ ಸಲ ಕೋಳಿಮೊಟ್ಟೆ ಕೇಳುವಂತಿರಲಿಲ್ಲ. ಆದರೆ ಮರಿಗಳ ಚಿಂವ್‌ಗುಟ್ಟುವಿಕೆ ಶುರುವಾದ ಮರುದಿನ ಮಣ್ಣಿನ ಗೋಡೆಯ ಮೇಲೆ, ಮುತ್ತುಗದೆಲೆಯಲ್ಲಿ ಸುತ್ತಿದ ಬೇಯಿಸಿದ ಮೊಟ್ಟೆಯ ಅರ್ಧ ಇತ್ತು. ಎರಡು ದಿನ ಬಿಟ್ಟು ಇನ್ನೊಂದು.

"ಯಾರಿಟ್ಟರು ಇದನ್ನು?" ಎಂದೆ.

"ಕಾಗೆ ತಂದಿರ್ಬೇಕು" ಎಂದು ಅತ್ತೆ ಅದನ್ನು ಪುಡಿ ಮಾಡಿ ಪಂಜರಕ್ಕೆ ಹಾಕಿದರು. "ಎಲೆ ಸುತ್ತಿ ತತ್ತದೆ, ಬುದ್ಧಿವಂತ ಕಾಗೆ."

ಹೀಗೆ ಆ ಭಾನುವಾರ ಬಂತು. ಸಾಹೇಬರು, ಬೂಬಮ್ಮ, ಕಿರಿಯ ಮಗಳು ಬೀದಿ ಸುತ್ತಿಕೊಂಡು ನೆಂಟರ ಹಾಗೆ ಮುಂಬಾಗಿಲಿನಿಂದ ಬಂದರು. ಅತ್ತೆ ಚಾಪೆ ಹಾಸಿದರು. ಬೂಬಮ್ಮ ಚಾಪೆಯ ಅಂಚಿನಲ್ಲಿ ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಡಕೆಯನ್ನು ಬಿಚ್ಚಿ ಕೆಳಗಿಟ್ಟೆ. ಸಾಹೇಬರು ತಾವು ಮೆತ್ತಿದ ಮಣ್ಣನ್ನು ಬೆರಳಿನಿಂದ ತಡವಿ, "ಯಾರೂ ಮುಟ್ಟಿಲ್ಲ" ಎಂದು ಒಪ್ಪಿ, ಉಳಿಯಿಂದ ಬಿಡಿಸಿದರು. ಹೆಣ್ಣು ತೂತಿನಿಂದ ಹೊರಬಿದ್ದು ಪಂಜರಕ್ಕೆ ಹಾರಿತು. ನಾನು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಒಳಗೆ ಹಾಕಿದೆ. ಮೊರದ ಮೇಲೆ ಹಳೆಯ ಸೀರೆಯ ತುಂಡು ಹಾಸಿತ್ತು.

ಮೊದಲನೆಯದು ಹಸಿರು. ಬೆನ್ನಿನ ಮೇಲೆ ಗರಿಯ ಮೊಳಕೆಗಳು ಗರಿಕೆಯ ತುದಿಯ ಹಾಗೆ ಎದ್ದಿದ್ದವು. ಅತ್ತೆ ಉಸಿರು ಬಿಟ್ಟರು.

ಎರಡನೆಯದು ಹಸಿರು.

ಮೂರನೆಯದೂ ಹಸಿರು. ಅತ್ತೆಯ ಮುಖ ಅರಳಿತು. ನಾನು ಅವರ ಮುಖ ನೋಡದೆ ಮತ್ತೆ ಮಡಕೆಯೊಳಗೆ ಕೈ ಹಾಕಿದೆ. ಬೂಬಮ್ಮ ಗಂಡನ ಕಡೆ ತಿರುಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು, "ನಾನ್ ಏಳ್ಲಿಲ್ವಾ? ನೀಲಿ ಗಂಡು ಇಲ್ದೆ ಓದ್ರೆ ಎಲ್ಲಾ ಅಸ್ರೇ."

ಅರಳಿದ್ದ ಅತ್ತೆಯ ಮುಖ ಅಲ್ಲೇ ಬಾಡಿತು. ನಾನು ಹೇಳಿದ್ದು ಅವರಿಗೆ ಆಗ ಪೂರ್ತಿ ಅರ್ಥವಾಯಿತೆಂದು ಕಾಣುತ್ತದೆ. ಗೆದ್ದರೂ ಮಾತು ಹೆಣ್ಣಿನ ಮೇಲೆ ಹಾಗೇ ಉಳಿಯುತ್ತದೆ.

"ಇನ್ನೊಂದಿದೆ" ಎಂದೆ. ತೂತಿನ ಪಕ್ಕಕ್ಕೆ ಒತ್ತಿಕೊಂಡಿದ್ದ ಕೊನೆಯ ಮರಿ ಕೈಗೆ ಸಿಕ್ಕಿತು. ಎಲ್ಲಕ್ಕಿಂತ ಚಿಕ್ಕದು. ತೆಗೆದು ಮೊರದ ಮೇಲಿಟ್ಟೆ. ತಲೆಯ ಮೇಲೆ ಬಿಳಿಯ ಚುಕ್ಕೆ, ಎದೆಯಲ್ಲಿ ಆಗಷ್ಟೇ ಒಡೆಯುತ್ತಿದ್ದ ಗರಿ. ನೀಲಿ.

ಮರಿ ಬಾಯಿ ತೆರೆದು ಕಿರುಚುತ್ತಿತ್ತು. ಅತ್ತೆ ಎದ್ದರು. ಪಂಜರದ ಕೊಕ್ಕೆ ಬಿಚ್ಚಿ, ಹೆಣ್ಣನ್ನೂ ಸೇರಿಸಿ ಇಡೀ ಪಂಜರ ತಂದು ಸಾಹೇಬರ ಮುಂದಿಟ್ಟರು.

"ತಗೊಳಿ. ಆಡಿದ್ ಮಾತು."

"ಇರಿ ಅತ್ತೆ" ಎಂದೆ ನಾನು. "ಸಾಹೇಬ್ರೇ, ನೀಲಿ ಗಂಡು ಮಳವಳ್ಳೀಲಿದೆ. ನಮ್ಮ ಯಜಮಾನರು ಕಣ್ಣೆದುರಿಗೇ ಕೂತಿದಾರೆ, ಕೇಳಿ. ಮಣ್ಣು ಮೆತ್ತಿದವರು ನೀವು. ಒಡೆದವರು ನೀವು. ಒಳಗಿದ್ದದ್ದು ಈ ಎರಡು ಹಸಿರು. ಹಾಗಾದರೆ ಈ ನೀಲಿ ಎಲ್ಲಿಂದ ಬಂತು?"

ಸಾಹೇಬರು ಮರಿಯನ್ನು ನೋಡಿದರು, ಗಂಡನ್ನು ನೋಡಿದರು, ಮತ್ತೆ ಮರಿಯನ್ನು ನೋಡಿದರು.

"ಏನವ್ವ ತಂಗಿ, ನನ್ ಗಂಡಿನ ಒಳ್ಗೂ ನೀಲಿ ಅದೆ ಅಂತೀಯಾ?"

"ಇದೆ. ಎರಡೂ ಕಡೆಯಿಂದ ಬರದೆ ನೀಲಿ ಹೊರಗೆ ಬರೋದಿಲ್ಲ. ಹೋದ ಸಲದ್ದೂ ಹೀಗೇ ಬಂದದ್ದು."

"ಇದರಪ್ಪ ಅಸ್ರು, ಇದರವ್ವ ಅಸ್ರು ಅಂತ ಏಳೇ ಕೊಟ್ಟಿದ್ರು ನಂಗೆ!"

"ಈ ನೀಲಿ ಮರೀದೂ ಅಪ್ಪ ಹಸಿರು, ಅವ್ವ ಹಸಿರೇ ಅಲ್ವಾ ಸಾಹೇಬ್ರೇ?"

ಯಜಮಾನರು ನಗು ತಡೆಯಲು ನುಗ್ಗೆಮರದ ಕಡೆ ತಿರುಗಿದರು.

ನಾನು ಪಾಲಿನ ಲೆಕ್ಕ, ಅರಿಸಿನದ ಲೆಕ್ಕ ಎಲ್ಲವನ್ನೂ ಹೇಳಲು ಸಿದ್ಧವಾಗಿದ್ದೆ. ಬೇಕಾಗಲಿಲ್ಲ. ಅವರ ಕಿರಿಯ ಮಗಳು ಮೊರದ ಮೇಲೆ ಬಗ್ಗಿ ನೀಲಿ ಮರಿಯನ್ನು ನೋಡುತ್ತಿದ್ದಳು. ಆ ಹುಡುಗಿಗೆ ಬೆಕ್ಕಿನ ಕಣ್ಣು. ಅಪ್ಪ ಅಮ್ಮ ಇಬ್ಬರಿಗೂ ಕಪ್ಪು ಕಣ್ಣು, ಉಳಿದ ಮಕ್ಕಳ ಕಣ್ಣೆಲ್ಲ ಕಪ್ಪು, ಇವಳೊಬ್ಬಳದು ಬೂದು ಹಸಿರು. ಬೂಬಮ್ಮ ಮಗಳ ಗಲ್ಲ ಹಿಡಿದು ಮುಖ ತಮ್ಮ ಕಡೆಗೆ ತಿರುಗಿಸಿಕೊಂಡರು. ಬಹಳ ಹೊತ್ತು ನೋಡಿದರು.

"ಅಕ್ಕಾ" ಎಂದರು. ಅಗಣಿ ಬಿದ್ದ ಮೇಲೆ ಅತ್ತೆಗೆ ಅವರು ನೇರವಾಗಿ ಆಡಿದ ಮೊದಲ ಮಾತು. "ನಮ್ಮಜ್ಜಿಗೆ ಇದೇ ಕಣ್ಣಿತ್ತು. ಇವ್ರಿಗೂ ಅವ್ಳೇ ಅಜ್ಜಿ. ನಮ್ಮಿಬ್ರೊಳ್ಗೂ ಅಡಗಿ ಕೂತಿತ್ತು, ಇವ್ಳಲ್ಲಿ ಬಂತು. ಈ ಕಣ್ಣು ಎಲ್ಲಿಂದ ತಂದೆ ಅಂತ ಯಾರಾದ್ರೂ ನನ್ನ ಕೇಳಿದ್ರೆ ನಾನವ್ರನ್ನ ಸುಮ್ಕೆ ಬುಡ್ತಿದ್ನಾ? ನಿಮ್ಮ ಎಣ್ಣ ಮಾತ್ರ ಕೇಳ್ಬುಟ್ಟೆ. ತೆಪ್ಪಾಯ್ತು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಅವರ ಸ್ವಭಾವಕ್ಕೆ ತಕ್ಕಂತೆ, "ಅದೆಲ್ಲ ಇರ್ಲಿ. ಎಣ್ಣ ತಗೊಂಡೋಗಿ. ಬೀದೀಲಿ ನಿಂತು ಆಡಿವ್ನಿ" ಎಂದರು.

"ಬ್ಯಾಡ ಅಕ್ಕ."

"ಬ್ಯಾಡ ಅಂದ್ರೆ? ನನ್ ಮಾತಿಗೆ ಬೆಲೆ ಇಲ್ವಾ?"

ಈಗ ಹೊಸ ಜಗಳ ಶುರುವಾಗುವುದರಲ್ಲಿತ್ತು. ಸಾಹೇಬರು ಕೈ ಎತ್ತಿದರು. ಪಂಜರವನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಅಕ್ಕ, ಈ ಎಣ್ಣು ಈಗ ನಂದಾಯ್ತಾ?"

"ಆಯ್ತು."

"ನಾನೇನ್ ಮಾಡಿದ್ರೂ ನೀವು ಕೇಳಂಗಿಲ್ಲ?"

"ಕೇಳಲ್ಲ."

"ಸರಿ" ಎಂದು ಅವರು ಪಂಜರವನ್ನು ಅತ್ತೆಯ ಮುಂದೆ ಸರಿಸಿದರು. "ವಾರಕ್ಕೆ ಕೊಟ್ಟಿವ್ನಿ. ಸಾಕಿ. ಮೇವು ನಿಮ್ದು, ಆರೈಕೆ ನಿಮ್ಮ ಸೊಸೇದು. ಮರೀಲಿ ಅರ್ಧ ನಂದು. ಮೊದ್ಲು ಆರ್ಸ್ಕೊಳದು ನಾನು. ಈಗ್ಲೇ ಏಳ್ಬುಡ್ತೀನಿ, ಈ ನೀಲಿ ನಮ್ಮನೇಗೆ."

"ಪಾಲೂ ಬ್ಯಾಡ ಮಾತೂ ಬ್ಯಾಡ ಅಂದೋರು ಯಾರಪ್ಪ?" ಎಂದರು ಅತ್ತೆ.

"ಅವತ್ತು ಅದು ಯಾವ್ದೋ ಪರದೇಸಿ ನೀಲಿ. ಇದು ನನ್ ಗಂಡಿಂದು!"

ಅತ್ತೆ ನಕ್ಕರು. ಎಷ್ಟೋ ದಿನದ ಮೇಲೆ ಅವರ ಬಾಯಿಯಲ್ಲಿ ಒಂದೇ ಹಲ್ಲು ಉಳಿದಿದ್ದ ಎಡಭಾಗ ಕಂಡಿತು.

ಮಾತು ಮುಗಿದರೂ ಕೆಲಸ ಇತ್ತು. ಮರಿಗಳ ಕಾಲಿಗೆ ಮೆತ್ತಿದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆದೆ. ಬೂಬಮ್ಮ ಒಂದೊಂದೇ ಮರಿಯನ್ನು ಹಿಡಿದುಕೊಟ್ಟರು. ಮಡಕೆಯನ್ನು ಕೆರೆದು, ತೇವ ಹೀರಲೆಂದು ಒಣಗಿದ ಮರದ ಹೊಟ್ಟು ಹಾಕಿ, ಮರಿಗಳನ್ನು ಇದ್ದ ಕ್ರಮದಲ್ಲೇ ಒಳಗಿಟ್ಟೆ, ದೊಡ್ಡದು ಹಿಂದೆ, ಚಿಕ್ಕದು ತೂತಿನ ಹತ್ತಿರ. ಹಲಗೆಗೆ ಮಣ್ಣು ಬೇಡ, ಹುರಿ ಸಾಕು ಎಂದೆ. ಸಾಹೇಬರೇ ಕಟ್ಟಿದರು. ಹೆಣ್ಣು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ ಒಳಗೆ ಹೋಯಿತು. ಗಂಡು ತೂತಿನ ಬಾಯಲ್ಲಿ ಕೂತು, ತನ್ನ ಅಸಲಿತನದ ಬಗ್ಗೆ ಏನೂ ಆಗಿಲ್ಲವೆಂಬಂತೆ ಅವಳಿಗೆ ಕಾಳು ಉಣಿಸಿತು.

ಮುಂದಿನ ಭಾನುವಾರ ಮಳವಳ್ಳಿಯಿಂದ ಎರಡು ನೀಲಿಗಳನ್ನೂ ವಾಪಸು ತರುವುದೆಂದು ತೀರ್ಮಾನವಾಯಿತು. ಯಜಮಾನರು ಬಸ್ಸಿನ ಮಾತು ಎತ್ತಿದಾಗ ಸಾಹೇಬರು, ಬೇಡ, ಸೈಕಲ್ ಕೊಡುತ್ತೇನೆ, ತುಳಿದುಕೊಂಡು ಹೋಗಿ, ತಳ್ಳುವುದಕ್ಕಿಂತ ವಾಸಿ ಎಂದರು.

ಹೊರಡುವಾಗ ಬೂಬಮ್ಮ ಮುಂಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತರು. ಅತ್ತೆ ಗಿಡ್ಡ ಬಾಗಿಲಿನ ಹತ್ತಿರ ಹೋಗಿ ಅಗಣಿ ಎಳೆದರು. ಬರಲಿಲ್ಲ. ಇಷ್ಟು ದಿನ ಮುಟ್ಟದೆ ತುಕ್ಕು ಹಿಡಿದಿತ್ತು. ಸಾಹೇಬರು ಜೇಬಿನಿಂದ ಎಣ್ಣೆಬಟ್ಟೆ ತೆಗೆದು ಒರೆಸಿ, ಉಳಿಯ ಹಿಡಿಯಿಂದ ಎರಡು ಏಟು ಕೊಟ್ಟರು. ಅದು ಜಾರಿತು. ಎಲ್ಲರೂ ತಲೆ ಬಗ್ಗಿಸಿ ಆ ಕಡೆ ದಾಟಿದರು.

ಹಸಿರಿನೊಳಗೆ ಅಡಗುವ ನೀಲಿಯ ವಿಷಯವನ್ನು ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ. ನಾನು ಊಹಿಸಿದ್ದು ಬಹುಪಾಲು ಸರಿಯಾಗಿತ್ತು. ಆದರೆ ಆ ದಿನ ನಾಲ್ಕನೆಯ ಮರಿಯೂ ಹಸಿರಾಗಿ ಬಂದಿದ್ದರೆ ನನ್ನ ನಿಯಮ ಸರಿಯಿದ್ದೂ ಅಗಣಿ ಹಾಗೇ ಇರುತ್ತಿತ್ತು.

ಸಂಜೆ ಪಂಜರಗಳಿಗೆ ನೀರು ಬದಲಿಸಿ, ಮರುದಿನದ ನವಣೆ ನೆನೆಹಾಕಿ, ಬಟ್ಟೆ ಹೊದಿಸಿದೆ. ಒಲೆ ಹೊತ್ತಿಸಿದ್ದಷ್ಟೇ, ಅತ್ತೆ ಇಕ್ಕಳ ಹಿಡಿದು ಬಂದರು. ಚೆನ್ನಾಗಿ ಕಾದ ಒಂದು ಕೆಂಡವನ್ನು ಆರಿಸಿ ಬೆರಣಿಯ ತುಂಡಿನ ಮೇಲಿಟ್ಟುಕೊಂಡು ಹಿತ್ತಿಲಿಗೆ ನಡೆದರು.

"ಲೇ ಬೂಬಿ, ಒಲೆ ಅಚ್ಚಿದ್ಯಾ? ಇಲ್ಲ ಅಂತ ಗೊತ್ತು. ತಗೊ."

ಆಮೇಲೆ ನಾನು ಎಂದಿನಂತೆ ಬಾಗಿಲುಗಳನ್ನು ಭದ್ರಪಡಿಸಿ ಬಂದೆ. ಮುಂಬಾಗಿಲಿಗೆ ಚಿಲಕ ಹಾಕಿದೆ, ಕೊಟ್ಟಿಗೆಯ ಬಾಗಿಲಿಗೆ ಕೊಕ್ಕೆ ಹಾಕಿದೆ. ಗಿಡ್ಡ ಬಾಗಿಲನ್ನು ಸುಮ್ಮನೆ ಮುಂದಕ್ಕೆ ಮಾಡಿ, ಅಗಣಿ ಹಾಕದೆ ಒಳಗೆ ಬಂದೆ.